ಕಬ್ಬಿಣಕ್ಕೂ ಮಡಿಯೇ?

ನನ್ನ ತಂಗಿ ಮಗ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಮಷೀನು ನಡೆಸುತ್ತಾನೆ. ಭಾನುವಾರ ಊರಿಗೆ ಹೋಗಿ ಕೇರಿಯ ಹುಡುಗರನ್ನು ಕೂಡಿಸಿ ತಮಟೆ ಬಡೀತಾನೆ. ಉಳಿದ ದಿನ, ರಾತ್ರಿ ಪಾಳಿ ಮುಗಿಸಿ ಬಂದವನು ಮಲಗೋದು ಬಿಟ್ಟು ಹೆವಿ ಮೆಟಲ್ ಅನ್ನೋ ಸಂಗೀತ ಕೇಳ್ತಾ ಕೂರ್ತಾನೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾದವರು ಬಂದಾಗ ಅವನಿನ್ನೂ ಅಪ್ರೆಂಟಿಸು. ಓಟಿ ಮಾಡಿ ಕೂಡಿಟ್ಟ ದುಡ್ಡಲ್ಲಿ ಟಿಕೇಟು ತಗೊಂಡು ಹೋಗಿದ್ದ. ಸುತ್ತ ಇಂಗ್ಲಿಷು ಮಾತಾಡೋ ಹುಡುಗರು, ಮಧ್ಯೆ ಇವನು. 'ಕತ್ತಲಲ್ಲಿ ಯಾರೂ ಯಾವೂರು, ಯಾವ ಕಡೆಯೋರು ಅಂತ ಕೇಳಲಿಲ್ಲ ಮಾವ. ಎಲ್ಲರ ಕೈನೂ ಮೇಲೇ ಇತ್ತು' ಅಂದಿದ್ದ. ಅದೇ ಅವನಿಗೆ ಹಿಡಿಸಿದ್ದು.

ಅವನೇ ಒಂದು ದಿನ ನನ್ನನ್ನು ಕೇಳಿದ: 'ಮಾವ, ಕೋರ್ನ್ ಅಂತ ಒಂದು ಬ್ಯಾಂಡು. ಕುಣಿಯೋ ಸಂಗೀತ ಮಾಡೋ ಡಿಜೆಗಳ ಜೊತೆ ಸೇರ್ಕೊಂಡು ಒಂದು ಆಲ್ಬಮ್ ಮಾಡಿದ್ರು. ಅವತ್ತಿಂದ ನಮ್ಮ ಮೆಟಲ್ ಗೆಳೆಯರೆಲ್ಲ ಅದು ಕೆಟ್ಟೋಯ್ತು ಅಂತಾರೆ. ಹೆಸರು ಮಾಡಿದ ಮೆಟಲ್ ಬ್ಯಾಂಡು ಆ ಕಡೆ ಕಾಲಿಡಲೇಬಾರ್ದು ಅಂತಾರೆ. ಕೆಟ್ಟೋಗೋದು ಅಂದ್ರೆ ಏನು?'

ನನಗೆ ಸಂಗೀತ ಗೊತ್ತಿಲ್ಲ. 'ಕೆಟ್ಟೋಯ್ತು' ಅನ್ನೋ ಮಾತು ಗೊತ್ತು. ಏಳು ವರ್ಷದವನಿದ್ದಾಗ ಊರ ಬಾವಿಯ ಹಗ್ಗ ಮುಟ್ಟಿದ್ದೆ. ಬಾವಿ ಕೆಟ್ಟೋಯ್ತು ಅಂದರು. ನೀರಿನ ಬಣ್ಣ ಬದಲಾಗಿರಲಿಲ್ಲ. ರುಚಿ ಬದಲಾಗಿರಲಿಲ್ಲ. ಕೆಟ್ಟದ್ದು ಏನು ಅಂತ ನಮ್ಮವ್ವ ಕೇಳಲಿಲ್ಲ. ಕೇಳೋ ಹಂಗಿರಲಿಲ್ಲ.

ಗೆಳೆಯರೇ, ಕೂದಲು ಬಿಟ್ಟ ಬಿಳಿಯರು ಗಿಟಾರು ಹಿಡಿದು ಅರಚೋದಕ್ಕೂ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಹುಡುಗ ಉತ್ತರ ಹೇಳಲಿಲ್ಲ. ನನ್ನ ಎಡಗೈ ಹಿಡಕೊಂಡು ಉಂಗುರದ ಬೆರಳು ತೋರಿಸಿದ.

ಆ ಬೆರಳಿಗೆ ತುದಿ ಇಲ್ಲ. 1984ರಲ್ಲಿ ಒಂದು ಪ್ರೆಸ್ ಶಾಪಿನಲ್ಲಿ ಹೋಯಿತು. ಪೆಡಲು ಒಂದು ಸಲ ತುಳಿದರೆ ಪವರ್ ಪ್ರೆಸ್ಸು ಒಂದು ಸಲ ಇಳಿಯಬೇಕು. ಕ್ಲಚ್ಚಿನ ಕೀಲಿ ಸವೆದಿದ್ದರೆ ತುಳಿಯದೇನೇ ಇನ್ನೊಂದು ಸಲ ಇಳೀತದೆ. ಮೊದಲ ಏಟಿಗೆ ತಗಡು ಬಾಗಿತ್ತು. ತೆಗೆಯೋಕೆ ಕೈ ಹಾಕಿದ್ದೆ. ಎರಡನೇ ಏಟು ನನಗೆ.

1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಅನ್ನೋ 17 ವರ್ಷದ ಹುಡುಗ ತಗಡಿನ ಕಾರ್ಖಾನೆಯಲ್ಲಿದ್ದ. ಅವತ್ತು ಅವನ ಕೆಲಸದ ಕೊನೇ ದಿನ. ಗಿಟಾರು ಬಾರಿಸೋದಕ್ಕೇ ಕೆಲಸ ಬಿಡ್ತಿದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗಲ್ಲ ಅಂದ. ತಾಯಿ, ಹಂಗೆಲ್ಲ ಅರ್ಧಕ್ಕೆ ಬಿಡಬಾರದು, ದಿನ ಪೂರ್ತಿ ಮಾಡಿ ಬಾ ಅಂತ ಕಳಿಸಿದಳು. ಬಡವರ ಮನೆ ತಾಯಂದಿರು ಎಲ್ಲ ಕಡೆನೂ ಒಂದೇ. ಅವತ್ತು ಪ್ರೆಸ್ಸಿನವರು ಬಂದಿರಲಿಲ್ಲ, ಇವನನ್ನು ಅಲ್ಲಿ ನಿಲ್ಲಿಸಿದರು. ಬಲಗೈಯ ನಡುವಿನ ಎರಡು ಬೆರಳಿನ ತುದಿ ಹೋದವು. ಅವನು ಎಡಚ. ಬಲಗೈ ಅಂದರೆ ತಂತಿ ಒತ್ತೋ ಕೈ. ವೈದ್ಯರು ಗಿಟಾರು ಮರೆತುಬಿಡು ಅಂದರು.

ಆಮೇಲೆ ಕಾರ್ಖಾನೆಯ ಫೋರ್‌ಮನ್ನು ಅವನಿಗೆ ಒಂದು ಹಾಡಿನ ತಟ್ಟೆ ಕೇಳಿಸಿದ. ಜ್ಯಾಂಗೋ ರೈನ್‌ಹಾರ್ಟ್ ಅನ್ನೋ ಜಿಪ್ಸಿ ಗಿಟಾರು ವಾದಕನದು. 1928ರಲ್ಲಿ ಬಂಡಿಮನೆಗೆ ಬೆಂಕಿ ಬಿದ್ದು ಕೈ ಸುಟ್ಟು, ಎರಡೇ ಬೆರಳಲ್ಲಿ ಬಾರಿಸ್ತಿದ್ದವನು. ಯುರೋಪಿನ ಊರುಗಳು ಹೊರಗೇ ಇಟ್ಟ ಜನದವನು. ಅಯೋಮಿ ಪ್ಲಾಸ್ಟಿಕ್ ಸೀಸೆ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ತಂತಿ ಜಾರಬಾರದು ಅಂತ ಹಳೇ ಜಾಕೀಟಿನ ತೊಗಲು ಕತ್ತರಿಸಿ ಅದರ ಮೇಲೆ ಅಂಟಿಸಿದ. ಗಟ್ಟಿ ತಂತಿ ನೋವು ಕೊಡ್ತಿತ್ತು, ತೆಳ್ಳನೆಯವು ಹಾಕಿದ. ಮುಂದೆ ತಂತಿಯನ್ನೇ ಸಡಿಲ ಬಿಟ್ಟ. ಸಡಿಲ ಬಿಟ್ಟಿದ್ದಕ್ಕೆ ನಾದ ಕೆಳಗಿಳಿದು ಇನ್ನೂ ಭಾರವಾಯಿತು. 1971ರ ಅವರ ಮೂರನೇ ಆಲ್ಬಮ್‌ನಲ್ಲಿ ಆ ಭಾರ ಕೇಳಬಹುದು. ಅವನ ಜೊತೆ ಹಾಡಿದ ಆಜಿ ಆಸ್ಬೋರ್ನ್ ಕೆಲವು ಕಾಲ ಕಸಾಯಿಖಾನೆಯಲ್ಲಿ ದುಡಿದವನು. ಈ ನಾಲ್ವರ ಬ್ಲ್ಯಾಕ್ ಸಬಾತ್ 1970ರ ಫೆಬ್ರವರಿಯಲ್ಲಿ ಮೊದಲ ಆಲ್ಬಮ್ ತಂದಿತು. ಹೆವಿ ಮೆಟಲ್ ಅನ್ನೋದಕ್ಕೆ ಅದೇ ಬುಡ ಅಂತಾರೆ. 2025ರ ಜುಲೈ 5ರಂದು ತಮ್ಮೂರಲ್ಲೇ ಕೊನೇ ಕಛೇರಿ ಮಾಡಿದರು. ಅದಾಗಿ ಮೂರು ವಾರ ತುಂಬೋಕೆ ಮುಂಚೆ ಆಜಿ ತೀರಿಕೊಂಡ.

ತೊಗಲು ಅಂಟಿಸಿಕೊಂಡ ಬೆರಳು. ಕಸಾಯಿಖಾನೆಯಿಂದ ಬಂದ ಕೊರಳು. ಇದನ್ನು ಕೇಳಿದಾಗ ನನ್ನ ಎದೆ ಝಲ್ಲಂತು. ಅವರು ದಲಿತರಲ್ಲ, ಬಿಳಿಯರು; ಆ ದೇಶದಲ್ಲಿ ಕರಿಯರು ಉಂಡದ್ದನ್ನು ಅವರು ಉಂಡವರಲ್ಲ. ಆದರೂ ತೊಗಲಿನ ಆ ಚೂರು ನನಗೆ ಗೊತ್ತಿರೋ ಚೂರು.

ಇನ್ನು ಆ 'ಕುಣಿಯೋ ಸಂಗೀತ'. ಅದರ ಕಥೇನೂ ಕೇಳಿ.

ಅಮೆರಿಕದ ಡೆಟ್ರಾಯಿಟು ಕಾರಿನ ಊರು. ದಕ್ಷಿಣದ ಹತ್ತಿ ಹೊಲಗಳ ಕಡೆಯಿಂದ ಕರಿಯರು ಅಲ್ಲಿಗೆ ಕೂಲಿಗೆ ಬಂದರು. ನಮ್ಮೋರು ಬರಗಾಲಕ್ಕೆ ಬೆಂಗಳೂರಿಗೆ ಬಂದ ಹಾಗೆ. ಆಮೇಲೆ ಕಾರ್ಖಾನೆಗಳು ಮುಚ್ಚುತ್ತಾ ಬಂದವು, ಉಳಿದ ಕಡೆ ಮನುಷ್ಯನ ಕೈ ಇದ್ದಲ್ಲಿ ಯಂತ್ರದ ಕೈ ಬಂತು. ಆ ಊರಿನ ಹೊರಗೆ ಬೆಲ್‌ವಿಲ್ ಅನ್ನೋ ಕಡೆ ಒಂದೇ ಸ್ಕೂಲಲ್ಲಿ ಓದಿದ ಮೂವರು ಕರಿಯ ಹುಡುಗರು: ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ರಾತ್ರಿ ರೇಡಿಯೋದಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ಅನ್ನೋ ಯಂತ್ರದ ಸಂಗೀತವನ್ನೂ ತಮ್ಮ ಜನರ ಫಂಕ್ ಹಾಡುಗಳನ್ನೂ ಒಟ್ಟಿಗೇ ಕೇಳ್ತಾ ಬೆಳೆದವರು. ಬೆರಕೆ ತಿಂದು ಬೆಳೆದದ್ದೇ ಆ ಸಂಗೀತ. ಅದಕ್ಕೆ ಟೆಕ್ನೋ ಅಂತ ಹೆಸರಾಯಿತು.

ಜಪಾನಿನ ರೋಲೆಂಡ್ ಕಂಪನಿ 1980ರಲ್ಲಿ 808 ಅನ್ನೋ ಡ್ರಮ್ ಮಷೀನು ಮಾಡಿತ್ತು. ನಿಜವಾದ ಡ್ರಮ್ಮಿನ ಥರ ಕೇಳಲ್ಲ ಅಂತ ದೊಡ್ಡವರು ಮೂಗು ಮುರಿದರು. 1983ಕ್ಕೆ ಮಾಡೋದನ್ನೇ ನಿಲ್ಲಿಸಿದರು. ಹಳೇ ಸಾಮಾನಿನ ಅಂಗಡಿಗೆ ಬಂದು ಬಿದ್ದ ಅಂಥ ಮಷೀನುಗಳು ಕೈಯಲ್ಲಿ ಕಾಸಿಲ್ಲದ ಹುಡುಗರ ಪಾಲಾದವು. ಷಿಕಾಗೋದಲ್ಲೂ ಹೀಗೇ. ಅಲ್ಲಿ ವೇರ್‌ಹೌಸ್ ಅನ್ನೋ ಕುಣಿತದ ಮನೆಯಲ್ಲಿ 1977ರಿಂದ ಫ್ರಾಂಕಿ ನಕಲ್ಸ್ ತಟ್ಟೆ ತಿರುಗಿಸ್ತಿದ್ದ. ಕುಣಿಯೋಕೆ ಬರ್ತಿದ್ದವರು ಹೆಚ್ಚಾಗಿ ಕರಿಯರು, ಲ್ಯಾಟಿನೋಗಳು, ಅವರಲ್ಲೂ ಗಂಡನ್ನೇ ಒಲಿಯೋ ಗಂಡಸರು. ಬಿಳಿಯರ ಲೋಕಕ್ಕೂ ಬೇಡ, ಸ್ವಂತ ಮನೆಗೂ ಬೇಡ ಆದವರು. ಹೌಸ್ ಅನ್ನೋ ಸಂಗೀತ ಆ ಮನೆಯ ಹೆಸರಿನಿಂದಲೇ ಬಂತು ಅಂತ ಹೇಳೋರಿದ್ದಾರೆ.

ಅದೇ ಷಿಕಾಗೋದಲ್ಲಿ 1979ರ ಜುಲೈ 12. ಕೊಮಿಸ್ಕಿ ಪಾರ್ಕ್ ಅನ್ನೋ ಬೇಸ್‌ಬಾಲ್ ಮೈದಾನ. ಸ್ಟೀವ್ ಡಾಲ್ ಅನ್ನೋ ರಾಕ್ ರೇಡಿಯೋದವನು, ಒಂದು ಡಿಸ್ಕೋ ತಟ್ಟೆ ತನ್ನಿ, 98 ಸೆಂಟಿಗೆ ಒಳಗೆ ಬನ್ನಿ ಅಂತ ಕರೆದ. ಎರಡು ಆಟದ ನಡುವೆ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಮದ್ದು ಇಟ್ಟು ಹಾರಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೇ ಆಟವೇ ನಡೆಯಲಿಲ್ಲ. ಅವತ್ತು ಅಲ್ಲಿ ಜನರಿಗೆ ಸೀಟು ತೋರಿಸೋ ಕೆಲಸದಲ್ಲಿದ್ದ ಕರಿಯ ಹುಡುಗ ವಿನ್ಸ್ ಲಾರೆನ್ಸ್ ಆಮೇಲೆ ಹೇಳಿದ್ದು ಇದು: ಜನ ತಂದ ತಟ್ಟೆಗಳಲ್ಲಿ ಎಷ್ಟೋ ಡಿಸ್ಕೋವೇ ಅಲ್ಲ, ಬರೀ ಕರಿಯರು ಹಾಡಿದವು. ಐದು ವರ್ಷದ ಮೇಲೆ, 1984ರಲ್ಲಿ, ಅದೇ ಹುಡುಗ ಹೌಸ್ ಸಂಗೀತದ ಮೊದಮೊದಲ ಹಾಡೊಂದನ್ನು ಕಟ್ಟೋದರಲ್ಲಿ ಕೈ ಹಾಕಿದ.

ನಾವೂ ಸುಟ್ಟವರೇ ಅಲ್ಲವೇ ಅಂತ ಯಾರಾದರೂ ಕೇಳಬಹುದು. ಸುಟ್ಟಿದ್ದೇವೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಮನುಸ್ಮೃತಿಗೆ ಬೆಂಕಿ ಇಟ್ಟರು. ಅದು ನಮ್ಮ ತಲೆ ಮೇಲೆ ಕೂತಿದ್ದ ಪುಸ್ತಕ. ಷಿಕಾಗೋದಲ್ಲಿ ಸಿಡಿಸಿದ್ದು ಕಾಲ ಕೆಳಗಿನವರ ಹಾಡು. ತಮಾಷೆಗೆ ಮಾಡಿದ್ದು ಅಂತ ಅವರು ಆಮೇಲೆ ಹೇಳಿಕೊಂಡರು. ತಮಾಷೆಗೆ ಮಾಡಿದವರು ನಮ್ಮೂರಲ್ಲೂ ಇದ್ದಾರೆ.

ಹೀಗೆ, ಬರ್ಮಿಂಗ್‌ಹ್ಯಾಮಿನ ಪ್ರೆಸ್ಸಿನ ಮುಂದಿನಿಂದ ಒಂದು ಸಂಗೀತ ಎದ್ದು ಬಂತು, ಡೆಟ್ರಾಯಿಟಿನ ಮುಚ್ಚಿದ ಕಾರ್ಖಾನೆಗಳ ನೆರಳಲ್ಲಿ ಇನ್ನೊಂದು. ನಡುವೆ ಗೋಡೆ ಎಬ್ಬಿಸಿದವರು ಯಾರು? 'ಶುದ್ಧ ಮೆಟಲ್' ಅಂತ ಹುಡುಗನ ಗೆಳೆಯರು ಅಂತಾರಲ್ಲ, ಆ ಮಾತಿಗೇ ನನಗೆ ಮೈ ಉರಿಯೋದು. ಕಬ್ಬಿಣ ಅಂದರೇ ಬೆರಕೆ ಕಣ್ರಪ್ಪ. ಇದ್ದಿಲು ಬೆರೆಯದೆ ಉಕ್ಕು ಆಗಲ್ಲ. ಯಾವ ಕುಲುಮೆಯವನನ್ನಾದರೂ ಕೇಳಿ.

ಹಾಗಂತ ಗೋಡೆ ಹಾರಿದವರೆಲ್ಲ ಶರಣರು ಅಂತ ನಾನು ಹೇಳ್ತಿಲ್ಲ. ಹುಡುಗ ಒಂದೊಂದೇ ಕೇಳಿಸಿದ.

ಬರ್ಮಿಂಗ್‌ಹ್ಯಾಮಿನದೇ ಇನ್ನೊಂದು ಬ್ಯಾಂಡು ಜೂಡಸ್ ಪ್ರೀಸ್ಟ್. 1986ರಲ್ಲಿ ಗಿಟಾರಿಗೆ ಸಿಂಥಸೈಜರು ಜೋಡಿಸಿದಾಗಲೇ ಅವರ ಜನ ಗೊಣಗಿದ್ದರು. ಅವರ ಹಾಡುಗಾರ ರಾಬ್ ಹಾಲ್‌ಫರ್ಡ್ ಬ್ಯಾಂಡಿನಿಂದ ಹೊರಗಿದ್ದಾಗ, 1998ರಲ್ಲಿ, ಯಂತ್ರದ ತಾಳಕ್ಕೆ ಹಾಡಿ ಒಂದು ಆಲ್ಬಮ್ ತಂದ. ಓಡಲಿಲ್ಲ. ನನಗೂ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ವರ್ಷ ಅವನು, ನಾನು ಗಂಡನ್ನೇ ಒಲಿಯೋ ಗಂಡಸು ಅಂತ ಲೋಕಕ್ಕೆ ಹೇಳಿಬಿಟ್ಟ. ಎರಡಕ್ಕೂ ನಂಟು ಇತ್ತೋ ಇಲ್ಲವೋ, ಎರಡೂ ಒಂದೇ ಎದೆಯಿಂದ ಬಂದವು.

ಹ್ಯಾಲಿಫ್ಯಾಕ್ಸಿನ ಪ್ಯಾರಡೈಸ್ ಲಾಸ್ಟ್ 1999ರಲ್ಲಿ 'ಹೋಸ್ಟ್' ಅನ್ನೋ ಆಲ್ಬಮ್ ಮಾಡಿ ಭಾರದ ಗಿಟಾರನ್ನು ಬಹುಪಾಲು ಪಕ್ಕಕ್ಕಿಟ್ಟಿತು. ಬೈಗುಳ ತಿಂದಿತು. ಆಮೇಲೆ ಹಳೇ ದಾರಿಗೆ ಬಂತು. ಆದರೆ ಅವರಲ್ಲಿ ಇಬ್ಬರು 2023ರಲ್ಲಿ ಅದೇ ಹೋಸ್ಟ್ ಅನ್ನೋ ಹೆಸರಿಟ್ಟುಕೊಂಡು ಮತ್ತೆ ಆ ಯಂತ್ರದ ಸಂಗೀತವನ್ನೇ ಮಾಡಿದರು. ಮಾರುಕಟ್ಟೆಗೆ ಮಾಡಿದ್ದಾದರೆ ಇಷ್ಟು ವರ್ಷ ಆದಮೇಲೆ ಯಾರು ಹೋಗ್ತಾರೆ?

ಕೋರ್ನ್ ವಿಷಯ ಬೇರೆ. ಅವರ ಆಲ್ಬಮ್ ಬಂದದ್ದು 2011ರ ಡಿಸೆಂಬರಿನಲ್ಲಿ, ಡಬ್‌ಸ್ಟೆಪ್ ಅನ್ನೋದು ಅಮೆರಿಕದಲ್ಲಿ ದೊಡ್ಡ ವ್ಯಾಪಾರ ಆದ ಹೊತ್ತಿನಲ್ಲಿ. ಒಳ್ಳೇದನ್ನು ಮೊದಲು ಹೇಳ್ತೀನಿ. ಹಾಡು ಕಟ್ಟಿಕೊಟ್ಟ ಡಿಜೆಗಳ ಹೆಸರನ್ನು ಹಾಡಿನ ಹೆಸರಿನ ಪಕ್ಕದಲ್ಲೇ ಹಾಕಿದರು. ಹಿಂಬಾಗಿಲಿಂದ ಕರೆದು ದುಡಿಸಿಕೊಂಡು ಕಳಿಸಲಿಲ್ಲ. ಆದರೆ ಆ ಹೆಸರುಗಳನ್ನು ನೋಡಿ. ಡಬ್‌ಸ್ಟೆಪ್ ಹುಟ್ಟಿದ್ದು ಲಂಡನ್ನಿನ ದಕ್ಷಿಣಕ್ಕಿರೋ ಕ್ರಾಯ್ಡನ್ ಕಡೆ, ಜಮೈಕಾದಿಂದ ಬಂದವರ ಡಬ್ ಸಂಗೀತದ ಬೇರಿನಿಂದ. ಅದನ್ನು ಮೊದಲು ಕಟ್ಟಿದ ಆ ಹುಡುಗರು ಯಾರೂ ಪಟ್ಟಿಯಲ್ಲಿಲ್ಲ. ಇರೋರಲ್ಲಿ ಮುಖ್ಯನಾದವನು ಸ್ಕ್ರಿಲೆಕ್ಸ್. ಅವನು ಮೊದಲು ರಾಕ್ ಬ್ಯಾಂಡಿನಲ್ಲಿ ಹಾಡ್ತಿದ್ದವನು. ಅಂದರೆ ಊರೊಳಗಿನ ಹುಡುಗನೇ ಕೇರಿಗೆ ಹೋಗಿ ಕಲಿತು ಬಂದ. ಅವನಿಗೆ ಬಾಗಿಲು ತೆರೆಯಿತು. ಕೇರಿ ಇದ್ದಲ್ಲೇ ಇತ್ತು. ಕೋರ್ನ್ ಮೇಲೆ ನನಗೆ ತಕರಾರಿದ್ದರೆ ಇದು. ಮೆಟಲ್ ಕೆಟ್ಟೋಯ್ತು ಅನ್ನೋದಲ್ಲ, ಕೆಡಬೇಕಾದಷ್ಟು ಕೆಡಲಿಲ್ಲ ಅನ್ನೋದು.

ದುಡ್ಡಿಗೆ ಮಾರಿಕೊಂಡರು ಅಂತ ಅಭಿಮಾನಿಗಳು ಬೈತಾರೆ. ಆ ಸಿಟ್ಟನ್ನು ನಾನು ತಳ್ಳಿಹಾಕಲ್ಲ. ನಿನ್ನೆ ನಮ್ಮ ಪಕ್ಕ ನಿಂತು ಘೋಷಣೆ ಕೂಗಿದವರು ಇವತ್ತು ಶಾಲು ಹೊದ್ದು ಮಂತ್ರಿಗಳ ಪಕ್ಕ ಕೂತಿರೋದನ್ನು ನಾವೂ ನೋಡಿದ್ದೇವೆ. ಮಾರಾಟಕ್ಕೆ ಬೈಯಿರಿ. ಮುಟ್ಟಿದ್ದಕ್ಕೆ ಬೈಬೇಡಿ. ಎರಡನ್ನೂ ಒಂದೇ ಬಾಯಲ್ಲಿ ಬೈದರೆ ಮುಟ್ಟಿದ್ದೇ ಮಾರಾಟ ಅಂತಾಗುತ್ತೆ.

ಕೊನೆಗೆ ಹುಡುಗ ಕೇಳಿಸಿದ್ದು ಗಾಡ್‌ಫ್ಲೆಶ್. ಇವರೂ ಬರ್ಮಿಂಗ್‌ಹ್ಯಾಮಿನವರು. 1988ರಲ್ಲಿ ಇಬ್ಬರೇ ಸೇರಿ ಕಟ್ಟಿದ ಬ್ಯಾಂಡು, ಡ್ರಮ್ ಬಾರಿಸೋ ಮನುಷ್ಯನ ಜಾಗದಲ್ಲಿ ಡ್ರಮ್ ಮಷೀನು. 1989ರ 'ಸ್ಟ್ರೀಟ್‌ಕ್ಲೀನರ್' ಆಲ್ಬಮ್ ಹಾಕಿದ. ನಾನು ಎದ್ದು ಕೂತೆ. ಅದು ನಮ್ಮ ಪ್ರೆಸ್ ಶಾಪು! ತಗಡು ಇಡು, ತುಳಿ, ತೆಗಿ. ತಗಡು ಇಡು, ತುಳಿ, ತೆಗಿ. ಹತ್ತು ವರ್ಷ ಇದೇ ಸದ್ದಿನಲ್ಲಿ ನಿಂತಿದ್ದೆ, ಇದನ್ನು ಯಾರೂ ಹಾಡು ಮಾಡಿರಲಿಲ್ಲ. ಮನುಷ್ಯ ಬಾರಿಸಿದ್ದರೆ ಎಲ್ಲೋ ಒಂದು ಕಡೆ ಕೈ ಸೋಲುತ್ತಿತ್ತು, ಕರುಣೆ ಬರುತ್ತಿತ್ತು. ಪ್ರೆಸ್ಸಿಗೆ ಕರುಣೆ ಇಲ್ಲ. ಆ ಮಾತು ಹೇಳೋಕೆ ಅವರಿಗೆ ಮಷೀನೇ ಬೇಕಿತ್ತು. 1991ರಲ್ಲಿ ಅವರು ಇನ್ನೂ ಮುಂದೆ ಹೋಗಿ ಟೆಕ್ನೋದ ತಾಳವನ್ನೇ ಒಳಗೆ ಕರೆದುಕೊಂಡರು. ಕಾರ್ಖಾನೆಯ ಎರಡು ಮಕ್ಕಳು ಒಂದೇ ತಟ್ಟೆಯಲ್ಲಿ ಉಂಡ ಹಾಗಿತ್ತು.

ಇಷ್ಟೆಲ್ಲ ತಿಳಿದವನ ಹಾಗೆ ಬರೀತಿದ್ದೀನಿ. ಇದರ ಹಿಂದೆ ನನ್ನದೊಂದು ನಾಚಿಕೆಗೇಡಿನ ಸಂಗತಿ ಇದೆ.

ಹೋದ ಏಪ್ರಿಲ್ 14ಕ್ಕೆ ಊರಲ್ಲಿ ಮೆರವಣಿಗೆ. ಹುಡುಗನ ತಂಡದವರು ಎಂಟು ಜನ ತಮಟೆ ಹಿಡಿದು ನಿಂತಿದ್ದರು. ಹಿಂದೆ ಗೂಡ್ಸ್ ಗಾಡಿಯಲ್ಲಿ ಸ್ಪೀಕರು. ತಮಟೆ ಶುರುವಾದ ಕೂಡಲೇ ಆ ಸ್ಪೀಕರಿನಿಂದ ಯಂತ್ರದ ಏಟು ಧಂ ಧಂ ಅಂತ ಕೂಡಿಕೊಂಡಿತು. ನಾನು ಮುಂದೆ ಹೋಗಿ ಕೈ ಅಡ್ಡ ಹಾಕಿದೆ. 'ನಿಲ್ಸಲಾ ಅದ್ನ. ತಮಟೆ ಮಾನ ಕಳೀಬೇಡ. ನಮ್ಮಪ್ಪ ತಾತ ಬಡ್ದಿದ್ದು ಇದಲ್ಲ' ಅಂತ ಕೂಗಿದೆ. ಎಲ್ಲರೂ ನಿಂತರು. ಹುಡುಗ ಸಣ್ಣ ದನಿಯಲ್ಲಿ ಅಂದ: 'ನೀನೂ ಮಡಿ ಮಾತಾಡ್ತೀಯಲ್ಲ ಮಾವ.'

ನಮ್ಮಪ್ಪ ಬಡಿದದ್ದು ಯಾವುದು? ಗೌಡರ ಮನೆ ಹೆಣದ ಮುಂದೆ ಬಡಿದದ್ದು. ಜಾತ್ರೆಯಲ್ಲಿ ದೇವರಿಂದ ಮಾರು ದೂರ ನಿಂತು ಬಡಿದದ್ದು. ಗರಿ ಉರಿಸಿ ತಮಟೆ ಕಾಸುತ್ತಾ, ಕೂಲಿ ಕಾಳಿಗೆ ಕಾಯುತ್ತಾ ಕೂತದ್ದು. ಎಂಬತ್ತರ ದಶಕದಲ್ಲಿ ಸಂಘ ಊರಿಗೆ ಬಂದಾಗ ನಾವು ಹುಡುಗರೆಲ್ಲ ಸೇರಿ ಇನ್ನು ಊರ ಹೆಣಕ್ಕೆ ತಮಟೆ ಬಡಿಯಲ್ಲ ಅಂತ ತೀರ್ಮಾನ ಮಾಡಿದೆವು. ನಾನೇ ಅಪ್ಪನ ಕೈಯಿಂದ ತಮಟೆ ಕಿತ್ತು ಅಟ್ಟಕ್ಕೆ ಎಸೆದೆ. ಅಪ್ಪ ಏನೂ ಅನ್ನಲಿಲ್ಲ, ಮೂರು ದಿನ ಉಣ್ಣಲಿಲ್ಲ. ಆಮೇಲೆ ನಾವೇ ಅದನ್ನು ಇಳಿಸಿ ವೇದಿಕೆ ಮೇಲೆ ತಂದು, ಇದು ನಮ್ಮ ಹೋರಾಟದ ದನಿ ಅಂದೆವು. ಈಗ ಹುಡುಗರ ಕೈಯಲ್ಲಿರೋ ತಮಟೆಗೆ ತೊಗಲೂ ಇಲ್ಲ, ಫೈಬರು; ಬೆಂಕಿ ಬೇಡ, ಮಳೆಗೆ ನೆನೆಯಲ್ಲ. ಇಷ್ಟು ಸಲ ಬದಲಾದ ತಮಟೆಗೆ ಯಾವ ದಿನಾಂಕದ ಶುದ್ಧಿಯನ್ನು ನಾನು ಕಾಯ್ತಿದ್ದೆ?

ಆದರೂ ನನ್ನ ಭಯ ಪೂರಾ ಸುಳ್ಳಲ್ಲ. ಪಕ್ಕದೂರ ಹಬ್ಬಕ್ಕೆ ಈಗ ತಮಟೆಯವರನ್ನು ಕರೆಯೋದೇ ಇಲ್ಲ. ಡಿಜೆ ಡಬ್ಬ ಒಂದು, ಲ್ಯಾಪ್‌ಟಾಪಿನ ಮುಂದೆ ಒಬ್ಬ. ಎಂಟು ಮನೆಯ ಕೂಲಿ ಹೋಯಿತು. ಡೆಟ್ರಾಯಿಟಿನಲ್ಲಿ ಯಂತ್ರದ ಕೈ ಬಂದಾಗ ಹೋಗಿದ್ದೂ ಇದೇ. ಗಾಡ್‌ಫ್ಲೆಶ್ ಕೇಳಿ ಎದ್ದು ಕೂತ ನನಗೆ, ಅಲ್ಲಿಲ್ಲದ ಆ ಡ್ರಮ್ಮಿನವನ ನೆನಪು ಬರಲಿಲ್ಲ ಅನ್ನೋದೂ ನಿಜ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹುಡುಗನನ್ನು ಕೇಳಿದೆ. ಅವನು ಲೆಕ್ಕ ಹೇಳಿದ: ಎಂಟು ಜನದಲ್ಲಿ ಒಬ್ಬನನ್ನೂ ಬಿಟ್ಟಿಲ್ಲ, ಸಿಕ್ಕಿದ್ದನ್ನು ಸಮ ಹಂಚ್ತೀವಿ, ಗಾಡಿ ಬಾಡಿಗೆ ಮಾತ್ರ ಹೆಚ್ಚಿಗೆ. 'ಡಬ್ಬ ನಮ್ಮ ಹಿಂದೆ ಬರ್ತದೆ ಮಾವ. ನಾವು ಅದರ ಹಿಂದೆ ಹೋಗಲ್ಲ.' ಹೆಂಗಲಾ, ಯಂತ್ರ ಒಂದೇ ನಡಿಗೆ ನಡೀತದೆ, ತಮಟೆ ಏರ್ತಾ ಹೋಗ್ತದೆ ಅಂದೆ. ಒಂದು ಸಣ್ಣ ಪೆಟ್ಟಿಗೆ ತೋರಿಸಿದ. ಮೇಲೊಂದು ಗುಂಡಿ. ತಮಟೆಯವರನ್ನು ನೋಡ್ತಾ ನಾಲ್ಕು ಸಲ ಒತ್ತಿದರೆ ಯಂತ್ರ ಆ ನಡಿಗೆಗೆ ಬರ್ತದೆ. ಅವರು ಏರಿದಾಗ ಮತ್ತೆ ಒತ್ತಬೇಕು. ಅದಕ್ಕೇ ಒಬ್ಬ ಬೇಕು, ಕೈ ಖಾಲಿ ಇರೋನು, ತಾಳ ಗೊತ್ತಿರೋನು.

ಕಳೆದ ಭಾನುವಾರ ಹಟ್ಟಿಯ ಹುಣಸೆಮರದ ಕೆಳಗೆ ಅಭ್ಯಾಸಕ್ಕೆ ನನ್ನನ್ನೇ ಕೂರಿಸಿದರು. ಎಂಟು ತಮಟೆ ಶುರುವಾದವು. ನಾನು ತುದಿಯಿಲ್ಲದ ಬೆರಳನ್ನು ಗುಂಡಿ ಮೇಲಿಟ್ಟು ಒತ್ತಿದೆ. ಯಂತ್ರ ತಮಟೆಗಿಂತ ಮುಂದೆ ಓಡಿಹೋಯಿತು. ಹುಡುಗರೆಲ್ಲ ಬಡಿಯೋದು ನಿಲ್ಲಿಸಿ ನಕ್ಕರು. ಇವನು ಬೆವರು ಒರೆಸಿಕೊಂಡು ಹತ್ತಿರ ಬಂದ.

'ಮಾವ, ಅದು ಪ್ರೆಸ್ಸಲ್ಲ. ಮೆಲ್ಲಗೆ ಒತ್ತು' ಅಂದ. ಮತ್ತೆ ಮೊದಲಿಂದ ಶುರು ಮಾಡಿದರು.